ಕೊಟ್ಟ ಮಗಳಿಗೂ ಒಂದು ಪರೀಕ್ಷೆ

ಪಾಂಡವಪುರದ ಆಚೆ, ನಾಲೆ ಬಯಲಿನ ಒಂದು ಊರಲ್ಲಿ ಪುಟ್ಟಗೌರಮ್ಮನ ಮನೆ. ವಾರದಲ್ಲಿ ಮೂರು ದಿನ ಆ ಮನೆಯ ಒಲೆ ಎಲ್ಲರ ಮನೆಗಿಂತ ಬೇಗ ಹತ್ತುತ್ತಿತ್ತು. ಗಂಡ ದೇವರಾಜು ಡಯಾಲಿಸಿಸ್‌ಗೆ ತಾಲ್ಲೂಕು ಆಸ್ಪತ್ರೆಗೆ ಹೋಗುವ ದಿನಗಳು ಅವು. ಮಗ ಲೋಕೇಶ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಗಂಡ ವಾಪಸು ಬಂದು, ಹಿಂಡಿದ ಬಟ್ಟೆಯಂತಾಗಿ ಚಾಪೆಯ ಮೇಲೆ ಮಲಗುವವರೆಗೂ ಪುಟ್ಟಗೌರಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ದೇವರಾಜುವಿಗೆ ಹರೆಯದಿಂದಲೂ ಕಿವಿ ಮಂದ. ಆಲೆಮನೆಯಲ್ಲಿ ಗಾಣದ ಇಂಜಿನ್ನಿನ ಪಕ್ಕ ನಿಂತು ನಿಂತು ಹಾಗಾಯಿತು ಎಂದು ಊರು ತೀರ್ಮಾನ ಮಾಡಿತ್ತು. ಮೂತ್ರ ಕೆಂಪಗೆ ಹೋದರೆ ಉಷ್ಣ. ಕಾಲು ಊದಿಕೊಂಡರೆ ಗದ್ದೆಯ ನೀರು. ನಮ್ಮೂರುಗಳಲ್ಲಿ ಪ್ರತಿಯೊಂದು ಕಾಯಿಲೆಗೂ ಕಾರಣ ಹೇಳುವವರು ಕಟ್ಟೆಗೊಬ್ಬರು ಸಿಗುತ್ತಾರೆ. ಪರೀಕ್ಷೆ ಮಾಡಿಸು ಅನ್ನುವವರು ಮಾತ್ರ ಸಿಗುವುದಿಲ್ಲ.

ಕೊನೆಗೆ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ನಿಜವಾದ ಕಾರಣ ಗೊತ್ತಾಯಿತು. ಆಲ್ಪೋರ್ಟ್ ಅನ್ನುವ ಕಾಯಿಲೆ, ರಕ್ತಸಂಬಂಧದಲ್ಲಿ ಇಳಿದು ಬರುತ್ತದೆ, ಕಿವಿಗೂ ಕಿಡ್ನಿಗೂ ಒಟ್ಟಿಗೇ ಏಟು ಕೊಡುತ್ತದೆ ಅಂದರು. "ನಿಮ್ಮ ಮಕ್ಕಳೆಲ್ಲರ ಮೂತ್ರ ಪರೀಕ್ಷೆ ಮಾಡಿಸಿ" ಅಂತಲೂ ಅಂದರು.

ಪುಟ್ಟಗೌರಮ್ಮ ತಡಮಾಡಲಿಲ್ಲ. ಮಾರನೆಯ ದಿನವೇ ಲೋಕೇಶನನ್ನು ಎಳೆದುಕೊಂಡು ಹೋಗಿ ಮಾಡಿಸಿದಳು. ಏನೂ ಇಲ್ಲ ಎಂದು ಬಂತು. ಮೇಲುಕೋಟೆ ಬೆಟ್ಟ ಹತ್ತಿ ಹರಕೆ ತೀರಿಸಿ ಬಂದಳು. ಬೀದಿಗೆಲ್ಲ ಮೊಸರನ್ನ ಹಂಚಿದಳು. ಬಾಬುರಾಯನಕೊಪ್ಪಲಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಸುಧಳಿಗೂ ಅದೇ ಮೊಸರನ್ನವನ್ನು ಡಬ್ಬಿಯಲ್ಲಿ ಕಳಿಸಿದಳು. ಪರೀಕ್ಷೆಯ ಮಾತನ್ನು ಮಾತ್ರ ಕಳಿಸಲಿಲ್ಲ.

ಹೀಗೆ ದಿನ ಹೋಗುತ್ತಿರಲು, ಡಯಾಲಿಸಿಸ್‌ಗಿಂತ ಬೇರೆ ಕಿಡ್ನಿ ಹಾಕಿಸುವುದು ಒಳ್ಳೆಯದು, ಮನೆಯವರು ಯಾರಾದರೂ ಕೊಡುತ್ತೀರಾ ಯೋಚಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಸುದ್ದಿ ಕೇಳಿದ ಸುಧ ಅವತ್ತೇ ಫೋನು ಮಾಡಿದಳು.

"ಅವ್ವ, ಅಪ್ಪಂಗೆ ನಾನು ಕೊಡ್ತೀನಿ. ಲೋಕೇಶನ್ನ ಕೇಳ್ಬೇಡ. ಅವ್ನು ಗದ್ದೆ ನೋಡ್ಕಬೇಕು."

ಪುಟ್ಟಗೌರಮ್ಮನಿಗೆ ಕಣ್ಣು ತುಂಬಿ ಬಂತು. ಮನಸ್ಸಿನ ಒಂದು ಮೂಲೆಯಲ್ಲಿ ಮಗನನ್ನು ಕೇಳುವ ಕಷ್ಟ ತಪ್ಪಿತಲ್ಲ ಎಂಬ ನಿರಾಳವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಮಾತೂ ಅಲ್ಲ ಅದು.

ಸಂಜೆ ಪಕ್ಕದ ಬೀದಿಯ ಲಕ್ಷ್ಮಿದೇವಮ್ಮ ಬಂದಳು. ಅವಳು ಊರಿನ ಆಶಾ ಕಾರ್ಯಕರ್ತೆ. ಪುಟ್ಟಗೌರಮ್ಮನಿಗೆ ತಂಗಿಯ ಸಮಾನ. ಜಗಲಿಯ ಮೇಲೆ ಕೂರಿಸಿ, ಲೋಟದ ತುಂಬ ಕಾಫಿ ಕೊಟ್ಟು ಪುಟ್ಟಗೌರಮ್ಮ ಶುರುಮಾಡಿದಳು.

"ಕೇಳ್ದಾ ಲಕ್ಷ್ಮಿ? ನನ್ನ ಮಗಳು ಅಪ್ಪಂಗೆ ಕಿಡ್ನಿ ಕೊಡ್ತಾಳಂತೆ ಕಣೆ. ಹೆತ್ರೆ ಅಂಥ ಮಗಳ್ನ ಹೆರ್ಬೇಕು!"

"ಸಂತೋಷ ಕಣಕ್ಕ. ಬಂಗಾರದಂಥ ಮನಸು ಅವ್ಳದು. ಅದಿರ್ಲಿ, ಸುಧನ ಮೂತ್ರ ಪರೀಕ್ಷೆ ಮಾಡ್ಸಿದ್ರಾ?"

"ಅವ್ಳಿಗೇನಾಗದೆ? ಎರಡು ಸೀಮೆಹಸ ಹಿಂಡಿ, ಡೈರಿಗೆ ಕ್ಯಾನು ಹೊತ್ಕಂಡು ಓಯ್ತಾಳೆ. ಗುಂಡುಕಲ್ಲು ಇದ್ದಂಗವ್ಳೆ."

"ಲೋಕೇಶುಂಗೆ ಮಾಡ್ಸಿದ್ರಲ್ಲ. ಅವ್ನೂ ಗುಂಡುಕಲ್ಲು ಇದ್ದಂಗೇ ಇದ್ದ."

"ಅಯ್ಯೋ, ಅವ್ನು ಮನೆ ಮಗ ಕಣೆ. ವಂಶದ ಕಾಯ್ಲೆ ಅಂದ್ಮೇಲೆ ವಂಶದೋರಿಗೆ ತಾನೆ ಬರೋದು? ಮನೇಲಿ ಯಾರಾದ್ರೂ ಸತ್ರೆ ನಮ್ಗೆ ಹನ್ನೊಂದು ದಿನ ಸೂತಕ. ಕೊಟ್ಟ ಎಣ್ಣಿಗೆ ಮೂರೇ ದಿನ. ಸೂತಕನೇ ಪೂರ್ತಿ ತಟ್ಟದೋಳಿಗೆ ಕಾಯ್ಲೆ ಎಲ್ಲಿಂದ ತಟ್ತದೆ?"

ಲಕ್ಷ್ಮಿದೇವಮ್ಮನಿಗೆ ಒಂದು ಗಳಿಗೆ ನಗು ಬಂತು. ಆದರೆ ಪುಟ್ಟಗೌರಮ್ಮ ನಗಿಸಲು ಹೇಳಿರಲಿಲ್ಲ, ಗಟ್ಟಿಯಾಗಿ ನಂಬಿ ಹೇಳಿದ್ದಳು. ನಮ್ಮಲ್ಲಿ ಎಷ್ಟು ಜನ ತಾಯಂದಿರು ಹೀಗೆಯೇ ನಂಬಿದ್ದಾರೋ ಯಾರು ಬಲ್ಲರು!

"ಅಕ್ಕ, ಧಾರೆ ಎರೆದ್ರೆ ಮನೆ ಬದಲಾಯ್ತದೆ. ರಕ್ತ ಬದಲಾಯ್ತದಾ? ಸುಧ ನೋಡಾಕೆ ಅಚ್ಚು ಅಪ್ಪನ್ ತರ ಅಂತ ನೀನೇ ಯೋಳ್ತೀಯ. ಅಪ್ಪನ ಮೂಗು ಬಂದದೆ, ಅಪ್ಪನ ನಡಿಗೆ ಬಂದದೆ. ಮದ್ವೆ ಆದ್ಮೇಲೆ ಮೂಗು ವಾಪಸ್ ಕೊಟ್ಬುಟ್ಟು ಓದ್ಳಾ?"

"ನಿಂದೊಂದು ಕುಚೋದ್ಯ."

"ಕುಚೋದ್ಯ ಅಲ್ಲ. ಬೇಜಾರಾಗ್ಬೇಡ, ಒಂದು ಮಾತು ಕೇಳ್ತೀನಿ. ಕಿಡ್ನಿ ತಗಳಾಕೆ ಮಗಳು ನಮ್ಮೋಳು. ಪರೀಕ್ಷೆಗೆ ಮಾತ್ರ ಹೊರಗ್ನೋಳಾ?"

ಪುಟ್ಟಗೌರಮ್ಮನ ಮುಖ ಬಿಳುಚಿಕೊಂಡಿತು. ಮಾತಿಗೆ ಸಿಕ್ಕಿಬಿದ್ದಾಗ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು, ಸಿಟ್ಟು ಮಾಡಿಕೊಂಡು ಒಳಗೆ ಎದ್ದು ಹೋದಳು.

ಆದರೆ ಸಿಟ್ಟಿನ ಒಳಗೆ ಇದ್ದದ್ದು ಭಯ. ಮಗಳಿಗೂ ಕಾಯಿಲೆ ಇದೆ ಎಂದು ಬೀಗರ ಕಿವಿಗೆ ಬಿದ್ದರೆ? ರೋಗದ ಹೆಣ್ಣು ತಂದೆವು ಅಂದರೆ? ಸುಧಳ ಮಗಳು ಚಿನ್ನು ಇನ್ನೂ ಎರಡನೇ ಕ್ಲಾಸು. ನಾಳೆ ಆ ಕೂಸನ್ನು ಯಾರು ಮಾಡಿಕೊಳ್ಳುತ್ತಾರೆ? ಇಷ್ಟೆಲ್ಲ ಯೋಚಿಸಿ, ಇದು ಬಾಯಿ ಬಿಡುವ ವಿಷಯವೇ ಅಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಳು.

ಮನಸ್ಸು ಸುಮ್ಮನಿರಬೇಕಲ್ಲ! ಮಾರನೆಯ ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಾಗ ಅತ್ತೆ ಚಿಕ್ಕಬೋರಮ್ಮನ ನೆನಪಾಯಿತು. ದೇವರಾಜುವಿನ ತಾಯಿ. ಕೊನೆಕೊನೆಗೆ ಮೈಯೆಲ್ಲ ಊದಿ ತೀರಿಕೊಂಡಳು. ಬಾಣಂತನದಲ್ಲಿ ಪಥ್ಯ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಹಾಗಾಯಿತು ಎಂದು ಜನ ಆಡಿಕೊಂಡಿದ್ದರು. ಅತ್ತೆಯೂ ಹೆಂಗಸೇ ತಾನೆ? ಸುಧ ಚಿಕ್ಕವಳಿದ್ದಾಗ ಜ್ವರ ಬಂದಾಗಲೆಲ್ಲ ಮೂತ್ರ ಕಪ್ಪು ಟೀಯಂತೆ ಹೋಗುತ್ತಿತ್ತು. ಉಷ್ಣ ಎಂದು ಬಾರ್ಲಿ ನೀರು, ಜೀರಿಗೆ ನೀರು ಕುಡಿಸಿದ್ದಳು. ಹೋದ ಸಲ ಬಂದಾಗ ಮಗಳ ಕಾಲುಚೈನು ಕಾಲಿಗೆ ಒತ್ತಿ ಗುರುತು ಮೂಡಿತ್ತು. ಡೈರಿಗೆ ಓಡಾಡಿ ಸುಸ್ತು ಎಂದು ಎಣ್ಣೆ ತಿಕ್ಕಿದ್ದಳು.

ಹಿಟ್ಟಿನ ಕೈ ಒರೆಸಿಕೊಂಡು ಪುಟ್ಟಗೌರಮ್ಮ ನೇರ ಲಕ್ಷ್ಮಿದೇವಮ್ಮನ ಮನೆಗೆ ಹೋದಳು.

"ಲಕ್ಷ್ಮಿ, ಎಲ್ಲಿ ಮಾಡ್ಸಬೇಕು ಯೋಳು. ನೀನೂ ಜೊತೇಲಿ ಬಾ."

ಸುಧಳನ್ನು ಕರೆಸಿಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿದರು. ಅಲ್ಲಿನವರು ನೋಡಿದವರೇ ಮೈಸೂರಿನ ಕಿಡ್ನಿ ಡಾಕ್ಟರ ಹತ್ತಿರ ಹೋಗಿ ಅಂದರು. ಅಲ್ಲಿ ರಕ್ತ ತೆಗೆದರು, ಸ್ಕ್ಯಾನು ಮಾಡಿದರು, ಕಿವಿ ಕೂಡ ಪರೀಕ್ಷಿಸಿದರು. ಎಲ್ಲ ಬಂದ ಮೇಲೆ ಡಾಕ್ಟರು ಒಳಗೆ ಕರೆದರು. ಯಶೋಧರಾ ಅಂತ ಅವರ ಹೆಸರು. ಅವಸರವಿಲ್ಲದ ಹೆಂಗಸು. ತಾಯಿ ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಸುತ್ತು ಬಳಸದೆ ಹೇಳಿದರು.

"ಸುಧ, ನಿಮ್ಮ ತಂದೆಯ ಕಾಯಿಲೆ ನಿಮಗೂ ಬಂದಿದೆ. ಮೂತ್ರದಲ್ಲಿ ರಕ್ತ ಹೋಗ್ತಾ ಇದೆ, ಪ್ರೋಟೀನೂ ಸೋರ್ತಾ ಇದೆ. ನೀವು ಕಿಡ್ನಿ ಕೊಡೋ ಹಾಗಿಲ್ಲ. ನಿಮ್ಮದನ್ನೇ ನಾವು ಕಾಪಾಡಬೇಕು."

ಸುಧ ಸೆರಗಿನ ತುದಿ ಹಿಡಿದುಕೊಂಡು ಕೂತುಬಿಟ್ಟಳು. ಮಾತಾಡಿದವಳು ತಾಯಿ.

"ಅದೆಂಗಾಯ್ತದೆ ಡಾಕ್ಟ್ರಮ್ಮ? ಮಗಂಗೆ ಬಂದಿಲ್ಲ. ಮಗಳಿಗೆ ಎಂಗ್ ಬತ್ತದೆ? ಉಲ್ಟಾ ಆಯ್ತಲ್ಲ!"

"ಈ ಕಾಯಿಲೆ ನಡೆಯೋ ದಾರೀನೇ ಹಾಗಮ್ಮ. ನೋಡಿ, ನಮ್ಮ ಮೈಯಲ್ಲಿ ಎಕ್ಸ್ ಅಂತ ಒಂದು ದಾರ ಇದೆ ಅಂದ್ಕೊಳ್ಳಿ. ಹೆಂಗಸಿಗೆ ಎರಡು ಎಕ್ಸ್. ಗಂಡಸಿಗೆ ಒಂದು ಎಕ್ಸ್, ಒಂದು ವೈ. ನಿಮ್ಮ ಯಜಮಾನರ ಆ ಒಂದೇ ಎಕ್ಸ್ ದಾರದಲ್ಲಿ ದೋಷ ಇದೆ. ಅಪ್ಪ ಮಗನಿಗೆ ಕೊಡೋದು ವೈ. ಅದಕ್ಕೇ ಲೋಕೇಶನಿಗೆ ಅಪ್ಪನಿಂದ ಇದು ಬರಲ್ಲ. ಮಗಳಿಗೆ ಕೊಡೋದು ಅದೇ ಎಕ್ಸ್. ಇನ್ನೊಂದು ಅವರ ಹತ್ತಿರ ಇಲ್ವಲ್ಲ! ಹಾಗಾಗಿ ಹೆಣ್ಣುಮಕ್ಕಳು ಎಷ್ಟು ಜನ ಇದ್ರೂ ಅಷ್ಟೂ ಜನಕ್ಕೆ ಅದು ಬರುತ್ತೆ."

ಪುಟ್ಟಗೌರಮ್ಮ ಬೆಪ್ಪಾಗಿ ನೋಡಿದಳು. ಬರಲು ಸಾಧ್ಯವೇ ಇಲ್ಲದ ಮಗನಿಗೆ ಪರೀಕ್ಷೆ ಮಾಡಿಸಿ ಮೊಸರನ್ನ ಹಂಚಿದ್ದಳು. ಬಂದೇ ಬರುವ ಮಗಳಿಗೆ ಮೊಸರನ್ನ ಕಳಿಸಿದ್ದಳು.

"ಹೆಂಗಸ್ರಿಗೆ ಇದು ಜೋರಾಗಿ ಬರಲ್ಲ, ಅವ್ರು ಬರೀ ಮಕ್ಕಳಿಗೆ ದಾಟ್ಸೋರು ಅಂತ ತಾಲ್ಲೂಕು ಆಸ್ಪತ್ರೇಲೊಬ್ರು ಅಂದ್ರು" ಅಂದಳು, ಜೊತೆಗೆ ಬಂದು ಹಿಂದೆ ನಿಂತಿದ್ದ ಲಕ್ಷ್ಮಿದೇವಮ್ಮ. ಅವಳಿಗೂ ಪೂರ್ತಿ ತಿಳಿದಿರಲಿಲ್ಲ.

"ಹಿಂದೆ ಹಾಗೇ ಹೇಳ್ತಿದ್ರು. ಅದು ತಪ್ಪು. ಕಿಡ್ನಿ ಅಂದ್ರೆ ಜರಡಿ ಇದ್ದ ಹಾಗೆ. ಬೇಕಾದ್ದು ಉಳಿಸಿ, ಬೇಡದ್ದು ಸೋಸಿ ಕಳಿಸುತ್ತೆ. ಈ ಕಾಯಿಲೆಯಲ್ಲಿ ಜರಡಿ ನೇಯ್ದಿರೋ ನೂಲೇ ದುರ್ಬಲ. ಗಂಡಸರಿಗೆ ಇರೋ ನೂಲೆಲ್ಲ ದುರ್ಬಲ, ಬೇಗ ಹರಿಯುತ್ತೆ. ಹೆಂಗಸರಿಗೆ ಗಟ್ಟಿ ನೂಲು, ದುರ್ಬಲ ನೂಲು ಬೆರೆತಿರುತ್ತೆ. ಕೆಲವರಿಗೆ ಸಾಯೋವರೆಗೂ ಏನೂ ಆಗಲ್ಲ. ಕೆಲವರಿಗೆ ನಿಧಾನಕ್ಕೆ ಹರಿದು, ನಿಮ್ಮ ಯಜಮಾನರ ಹಾಗೇ ಡಯಾಲಿಸಿಸ್‌ವರೆಗೂ ಹೋಗುತ್ತೆ. ಯಾರಿಗೆ ಹೇಗೆ ಅಂತ ಮುಖ ನೋಡಿ ಹೇಳೋಕಾಗಲ್ಲ. ಪರೀಕ್ಷೆ ಮಾಡ್ತಾ ಇರಬೇಕು."

ಪುಟ್ಟಗೌರಮ್ಮ ಮಗಳ ಕೈ ಹಿಡಿದುಕೊಂಡಳು. "ನನ್ನ ಮಗಳೂ ಆ ಮಿಷನ್ನಿಗೆ ಮಲಗ್ಬೇಕಾ ತಾಯಿ?"

"ಮಲಗಬಾರದು ಅಂತಲೇ ಈಗ ಹಿಡಿದಿರೋದು!" ಡಾಕ್ಟರು ಮೊದಲ ಸಲ ನಕ್ಕರು. "ಅವರ ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದೆ. ದಿನಾ ಒಂದು ಮಾತ್ರೆ ಕೊಡ್ತೀನಿ. ಬಿ.ಪಿ.ಗೆ ಕೊಡೋ ಜಾತಿಯದು. ಬಿ.ಪಿ. ಇಲ್ಲದಿದ್ರೂ ಇದಕ್ಕೆ ಕೊಡ್ತೀವಿ, ಪ್ರೋಟೀನ್ ಸೋರೋದನ್ನ ಕಡಿಮೆ ಮಾಡುತ್ತೆ. ಕಾಯಿಲೆ ಬೇರುಸಮೇತ ಹೋಗಲ್ಲ, ಆದ್ರೆ ಓಡೋದನ್ನ ನಿಲ್ಲಿಸಿ ತೆವಳೋ ಹಾಗೆ ಮಾಡಬಹುದು. ಉಪ್ಪು ಕಡಿಮೆ ಮಾಡಿ. ಹೇಳಿದಾಗ ಬಂದು ಮೂತ್ರ, ರಕ್ತ, ಬಿ.ಪಿ. ತೋರಿಸಿ. ಇನ್ನೊಂದು ಮಗು ಬೇಕು ಅನ್ನಿಸಿದ್ರೆ ಬಸುರಾಗೋಕೆ ಮುಂಚೆಯೇ ಬಂದು ಹೇಳಿ, ಆಗ ಈ ಮಾತ್ರೆ ಬದಲಾಯಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ನೀವಾಗೇ ತಂದು ನುಂಗಬೇಡಿ, ಅದು ಕಿಡ್ನಿಗೆ ಕೆಟ್ಟದ್ದು."

ಸುಧ ಸೆರಗಿನ ತುದಿ ಬಿಟ್ಟು ತಲೆ ಎತ್ತಿದಳು. "ನನ್ನ ಮಗಳಿಗೆ?"

"ತಾಯಿಯಿಂದ ಆದ್ರೆ ಅರ್ಧಕ್ಕರ್ಧ. ಗಂಡಾಗಲಿ ಹೆಣ್ಣಾಗಲಿ, ಬರಬಹುದು, ಬರದೇನೂ ಇರಬಹುದು. ಕರ್ಕೊಂಡು ಬನ್ನಿ, ನೋಡೋಣ."

"ನಮ್ಮಪ್ಪಂಗೆ ಯಾರು ಕೊಡ್ತಾರೆ?" ಅಂದವಳೇ ಸುಧ ಅಳಲು ಶುರುಮಾಡಿದಳು. ತನ್ನ ಕಾಯಿಲೆಗೆ ಅಳದವಳು ಅಪ್ಪನಿಗಾಗಿ ಅತ್ತಳು.

ಪುಟ್ಟಗೌರಮ್ಮ ಮಗಳ ಬೆನ್ನ ಮೇಲೆ ಕೈ ಇಟ್ಟು ಡಾಕ್ಟರ ಕಡೆ ತಿರುಗಿದಳು. "ನಂದು ಆಯ್ತದಾ? ನಾನು ಬೇರೆ ಮನೆ ಎಣ್ಣು. ಆ ದಾರ ನನ್ನ ಮೈಲಿ ಇರಾಕಿಲ್ವಲ್ಲ?"

"ಆಗಬಹುದು. ಪರೀಕ್ಷೆ ಮಾಡೋಣ. ನಿಮ್ಮ ಮಗನೂ ಇದ್ದಾರೆ. ದಾರಿ ಮುಚ್ಚಿಲ್ಲಮ್ಮ."

ಬಸ್ಸಿನಲ್ಲಿ ತಾಯಿ ಮಗಳು ಪಕ್ಕಪಕ್ಕ ಕೂತರು. ಸ್ವಲ್ಪ ದೂರ ಬಂದ ಮೇಲೆ ಪುಟ್ಟಗೌರಮ್ಮನ ಹಳೆಯ ಭಯ ತಲೆ ಎತ್ತಿತು.

"ಸುಧ, ನಿಮ್ಮತ್ತೆಗೆ ಈಗ್ಲೇ ಯೋಳ್ಬೇಡ ಕಣವ್ವ. ಬೇಕಾದ್ರೆ ಮಾತ್ರೆ ನಮ್ಮನೇಲಿ ಇಟ್ಕೊ. ಬಂದಾಗ ತಗಂಡೋಗು."

"ದಿನಾ ನುಂಗೋ ಮಾತ್ರೆನ ಕದ್ದು ನುಂಗಾಕಾಯ್ತದಾ ಅವ್ವ? ನಾನೇನೋ ನುಂಗ್ತೀನಿ. ಚಿನ್ನೂನ ಎಂಗೆ ಕರ್ಕಂಬರ್ಲಿ? ಏನಂತ ಯೋಳಿ ಕರ್ಕಂಬರ್ಲಿ?"

ಪುಟ್ಟಗೌರಮ್ಮ ಮಗಳ ಮುಖ ನೋಡಿದಳು. ಕಣ್ಣಿನ ಕೆಳಗೆ ಸಣ್ಣಗೆ ಊತ. ದಿನವೂ ನೋಡುವ ಗಂಡನ ಮುಖದಲ್ಲಿ ಇರುವಂಥದ್ದೇ. ತನ್ನ ಮರ್ಯಾದೆ ಕಾಯಲು ಹೋಗಿ ಈ ಮುಖವನ್ನು ಕಳೆದುಕೊಳ್ಳಬೇಕೆ? ಮೊಮ್ಮಗಳ ಮುಖವನ್ನೂ? ಬಾಬುರಾಯನಕೊಪ್ಪಲಿನ ಸ್ಟಾಪು ಬಂದಾಗ ಮಗಳಿಗಿಂತ ಮೊದಲು ಅವಳೇ ಎದ್ದು ಇಳಿದಳು. ಲಕ್ಷ್ಮಿದೇವಮ್ಮ ಕಿಟಕಿಯಿಂದ, "ಗೌರಕ್ಕ, ಊರು ಇನ್ನೂ ಬಂದಿಲ್ಲ ಕಣಕ್ಕ!" ಎಂದು ಕೂಗಿದಳು. "ನಂಗೊತ್ತು, ನೀನು ಓಗು" ಅಂದಳು ಪುಟ್ಟಗೌರಮ್ಮ.

ಸುಧಳ ಅತ್ತೆಯ ಹೆಸರು ಕುಳ್ಳಮ್ಮ. ಹೆಸರಷ್ಟೇ ಕುಳ್ಳಮ್ಮ, ಆಳು ಕೊಟ್ಟಿಗೆಯ ಬಾಗಿಲಿಗೆ ತಲೆ ತಗ್ಗಿಸಿ ನುಗ್ಗುವಷ್ಟು ಎತ್ತರ. ಮಾತೂ ಅಷ್ಟೇ ಉದ್ದ. ಅವಳು ಹಸುವಿನ ಕೆಳಗೆ ಕೂತು ಹಾಲು ಹಿಂಡುತ್ತಿದ್ದಳು.

"ಬನ್ನಿ ಬೀಗ್ರೆ, ಒಳಗೆ ಕೂತ್ಕಳಿ, ಬಂದೆ."

"ಕೂತ್ಕಳಾಕೆ ಬಂದಿಲ್ಲ ಬೀಗ್ರೆ. ಒಂದು ಮಾತು ಯೋಳಾಕೆ ಬಂದೆ. ಕೂತ್ರೆ ಯೋಳಾಕೆ ಧೈರ್ಯ ಬರಾಕಿಲ್ಲ."

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗಂಡನ ಕಾಯಿಲೆ ಮಗಳಿಗೆ ಬಂದಿದೆ. ಮೊಮ್ಮಗಳಿಗೂ ಬಂದಿರಬಹುದು. ಅಂಗಡಿಯ ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು, ಇನ್ನು ನುಂಗಕೂಡದು. ಮದುವೆಯ ಹೊತ್ತಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದಾಗ ಕೊಟ್ಟ ಹೆಣ್ಣಿಗೆ ಬರುವುದಿಲ್ಲ ಎಂದು ತಾನೇ ತೀರ್ಮಾನ ಮಾಡಿ ಸುಮ್ಮನಿದ್ದದ್ದು, ತಪ್ಪು ತನ್ನದು. ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಕುಳ್ಳಮ್ಮ ಹಿಂಡುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಬಕೆಟ್ಟು ಪಕ್ಕಕ್ಕಿಟ್ಟು ಎದ್ದಳು.

"ಕೋಪ ಬತ್ತಾ ಅದೆ ಬೀಗ್ರೆ. ಸುಳ್ಳು ಯೋಳಾಕಿಲ್ಲ. ಯಾಕ್ ಕೋಪ ಗೊತ್ತಾ? ಬೆನ್ನು ನೋವು, ಮಂಡಿ ನೋವು ಅಂದಾಗೆಲ್ಲ ನಾನೇ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗ್ಸಿವ್ನಿ. ಈಗ ನೋಡುದ್ರೆ ಅದೇ ಕಿಡ್ನಿಗೆ ವಿಷ ಅಂತೀರಿ. ಮೊದ್ಲೇ ಗೊತ್ತಿದ್ರೆ ನಾನು ನುಂಗ್ಸ್ತಿದ್ನಾ? ನನ್ ಕೈಲಿ ಪಾಪ ಮಾಡ್ಸುದ್ರಲ್ಲ!"

"ನಂಗೇ ಗೊತ್ತಿರ್ಲಿಲ್ಲ ಕಣವ್ವ."

"ಆಯ್ತು ಬುಡಿ. ನಮ್ಮ ಹಸೀಗೆ ಕೆಚ್ಚಲು ಬಾವು ಬಂದಿತ್ತು ಓದ ವರ್ಷ. ಮೊದಲ್ನೇ ದಿನನೇ ಹಾಲು ಒಡೀತು, ಡಾಕ್ಟ್ರನ್ನ ಕರ್ಸುದ್ವಿ, ಇಂಜೆಕ್ಷನ್ನಿಗೆ ವಾಸಿ ಆಯ್ತು. ಆಚೆ ಮನೆಯೋರು ಡೈರಿಯೋರು ಹಾಲು ತಗಳಾಕಿಲ್ಲ ಅಂತ ಮುಚ್ಚಿಟ್ರು. ಆ ಹಸೀನ ಎರಡು ಮೊಲೆ ಒಣಗೋಯ್ತು. ಹಸೀಗೇ ಮುಚ್ಚಿಡದೋರು ಸೊಸೆಗೆ ಮುಚ್ಚಿಡಾಕಾಯ್ತದಾ?" ಎಂದವಳೇ ಮನೆಯೊಳಕ್ಕೆ ಕೂಗಿದಳು, "ಸುಧ, ಮಾತ್ರೆ ತಂದಿದ್ಯೇನವ್ವ? ದೇವ್ರ ಗೂಡಲ್ಲಿ ನನ್ನ ಸಕ್ಕರೆ ಕಾಯ್ಲೆ ಮಾತ್ರೆ ಪಕ್ಕನೇ ಇಡು. ಇಬ್ರೂ ಒಟ್ಟಿಗೆ ನುಂಗಾಣ. ನಾಳಿದ್ದು ಚಿನ್ನೂನ ನಿನ್ ಗಂಡ ಕರ್ಕಂಡೋಗ್ಲಿ. ಸ್ಕೂಲು ಎಲ್ಲೂ ಓಡೋಗಾಕಿಲ್ಲ."

ಪುಟ್ಟಗೌರಮ್ಮ ಎಷ್ಟೋ ದಿನ ಹೊತ್ತಿದ್ದ ಹೊರೆ ಕೊಟ್ಟಿಗೆಯಲ್ಲೇ ಇಳಿಯಿತು. ಕುಳ್ಳಮ್ಮನ ಕೈ ಹಿಡಿದು ಅತ್ತಳು. ಬೀಗಿತ್ತಿಯ ಕೈಗೆ ಹಾಲಿನ ನೊರೆ ಮೆತ್ತಿತ್ತು, ಇವಳ ಕೈಗೂ ಮೆತ್ತಿತು.

ಚಿನ್ನುವಿನ ಮೂತ್ರದಲ್ಲಿ ಸಣ್ಣದಾಗಿ ರಕ್ತದ ಕಣಗಳು ಕಂಡವು. ಪ್ರೋಟೀನು ಸೋರುತ್ತಿಲ್ಲ. ಈಗ ಮಾತ್ರೆ ಬೇಡ, ವರ್ಷ ವರ್ಷ ತಪ್ಪದೆ ತೋರಿಸಿ ಅಂದರು ಡಾಕ್ಟರು. ಸುಧಳಿಗೆ ಮಾತ್ರೆ ಹಿಡಿದು ಸೋರುವುದು ಕಡಿಮೆಯಾಗಿದೆ. ಕಾಲಿನ ಊತ ಇಳಿದಿದೆ. ಈಗಲೂ ಅವಳೇ ಕ್ಯಾನು ಹೊತ್ತು ಡೈರಿಗೆ ಹೋಗುತ್ತಾಳೆ.

ದೇವರಾಜುವಿಗೆ ಹೆಂಡತಿಯ ಕಿಡ್ನಿ ಹೊಂದಿತು. ಲೋಕೇಶ "ನಾನು ಕೊಡ್ತೀನಿ" ಎಂದು ಎಷ್ಟು ಹಟ ಮಾಡಿದರೂ ಪುಟ್ಟಗೌರಮ್ಮ ಕೇಳಲಿಲ್ಲ. "ಮದ್ವೆ ಆದಾಗಿಂದ ನಿಮ್ಮಪ್ಪನ ಕಿವೀಗೆ ನನ್ ಮಾತು ಬಿದ್ದಿಲ್ಲ. ಒಳಗಡೆಯಿಂದನಾದ್ರೂ ಕೇಳ್ಲಿ" ಅಂದಳು. ಆಪರೇಷನ್ನು ಆಗಿ ಇಬ್ಬರೂ ಮನೆಗೆ ಬಂದಿದ್ದಾರೆ. ವಾರದ ಆ ಮೂರು ದಿನಗಳು ಈಗ ಬೇರೆ ದಿನಗಳಂತೆಯೇ ಬೆಳಗಾಗುತ್ತವೆ.

ಹೋದ ತಿಂಗಳು ಊರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಲಕ್ಷ್ಮಿದೇವಮ್ಮ ಮಾತಾಡಲು ಎದ್ದಾಗ ಪುಟ್ಟಗೌರಮ್ಮ ಅವಳನ್ನು ಕೂರಿಸಿ ತಾನೇ ನಿಂತಳು.

"ನನ್ ಮಗಂಗೆ ಪರೀಕ್ಷೆ ಮಾಡ್ಸಿದ ದಿನನೇ ಮಗಳಿಗೂ ಮಾಡ್ಸಿದ್ರೆ ಅವ್ಳ ಕಿಡ್ನಿ ಇನ್ನೂ ಚೆಂದಾಗಿರ್ತಿತ್ತು. ಆ ದಿನ ವಾಪಸ್ ಬರಾಕಿಲ್ಲ. ನಿಮ್ದು ಇನ್ನೂ ಕೈಲಿ ಅದೆ. ಅಷ್ಟೇ ನಾನು ಯೋಳೋದು" ಎಂದು ಕೂತಳು.

ಅಕ್ಕಂದಿರೇ, ತಾಯಂದಿರೇ, ಇದನ್ನು ಓದುತ್ತಿರುವ ಅಣ್ಣತಮ್ಮಂದಿರೇ, ನಿಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಿ. ಯಾರಿಗಾದರೂ ಚಿಕ್ಕ ವಯಸ್ಸಿಗೇ ಕಿಡ್ನಿ ಹೋಗಿದೆಯೆ? ಜೊತೆಗೆ ಕಿವಿಯೂ ಮಂದವೆ? ಮೂತ್ರ ಕೆಂಪಗೆ, ಟೀ ಬಣ್ಣಕ್ಕೆ ಹೋಗುತ್ತದೆಯೆ, ನೊರೆ ನಿಲ್ಲುತ್ತದೆಯೆ? ಉಷ್ಣ ಎಂದು ಬಾರ್ಲಿ ನೀರು ಕುಡಿಸಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ವಂಶದ ಕಾಯಿಲೆ ಎಂದು ಹೇಳಿದರೆ ಮನೆಯ ಗಂಡುಮಕ್ಕಳನ್ನು ಮಾತ್ರ ಕರೆದುಕೊಂಡು ಓಡಬೇಡಿ. ತಾಯಿ, ಅಕ್ಕತಂಗಿ, ಕೊಟ್ಟ ಹೆಣ್ಣುಮಕ್ಕಳು, ಅವರ ಮಕ್ಕಳು, ಎಲ್ಲರಿಗೂ ಮೂತ್ರ ಪರೀಕ್ಷೆ ಮಾಡಿಸಿ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಲು ನಾಚಿಕೆ ಬೇಡ, ಹೇಳಲೂ ನಾಚಿಕೆ ಬೇಡ. ಹೆಂಗಸಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ಇಲ್ಲಿಗೇ ಬಿಡಿ.

ನಿಮ್ಮ ಮಗಳ ನಂಬರು ನಿಮ್ಮ ಫೋನಿನಲ್ಲಿದೆ. ಅವಳು ಊಟ ಮಾಡಿದಳೇ ಎಂದು ದಿನಾ ಕೇಳುತ್ತೀರಿ. ಇವತ್ತು ಇದನ್ನೂ ಕೇಳಿ.